ಅಂಬಿಗಿತ್ತಿ ಕೊಡದ ಬೀಗದ ಕೈ

ನಮ್ಮ ಮನೆಯಲ್ಲಿ ನಡೆದಂಥ ಯುದ್ಧ ಈ ಭೂಮಿಯ ಮೇಲೆ ಇನ್ನೆಲ್ಲೂ ನಡೆದಿಲ್ಲ. ಹಾಗಂತ ಒಂದು ಲೋಟವೂ ಒಡೆಯಲಿಲ್ಲ, ಯಾರೂ ದನಿ ಏರಿಸಲಿಲ್ಲ. ಅಣ್ಣ ಮಹಡಿಯ ಕೋಣೆಯಲ್ಲಿ, ಅತ್ತಿಗೆ ಅಡುಗೆಮನೆಯಲ್ಲಿ, ನಾನು ಕೆಳಗಿನ ನನ್ನ ಕ್ಷೌರದಂಗಡಿಯಲ್ಲಿ ಕೂತು ಫೋನಿನ ಮೇಲೆ ಬೆರಳಾಡಿಸಿದೆವು, ಅಷ್ಟೇ. ಆ ಬೆರಳುಗಳಿಂದ ಒಂದು ನದಿ ಉಕ್ಕಿತು, ಒಂದು ಅರಮನೆ ಮುಳುಗಿತು. ಕತ್ತರಿ ಹಿಡಿದವರಲ್ಲಿ ನನ್ನಷ್ಟು ಸತ್ಯವಂತ ಇನ್ನೊಬ್ಬನಿಲ್ಲ ಅನ್ನುವುದು ಇಡೀ ಬೀದಿಗೆ ಗೊತ್ತು. ಆದ್ದರಿಂದ ಅನುಮಾನ ಪಡದೆ ಕೇಳಿ.

ಆಟ ಹೀಗೆ. ಫೋನಿನಲ್ಲಿ ನಮ್ಮದೊಂದು ಗುಂಪು. ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಎಲ್ಲರೂ ಸೇರಿ ಒಂದೇ ಕಥೆಯನ್ನು ಬರೆಯುತ್ತಾ ಹೋಗುವುದು. ನಿಮ್ಮ ಪಾತ್ರ ಏನು ಮಾಡಿತು, ಏನು ಅಂದಿತು ಅಂತ ನೀವು ನಾಲ್ಕು ಸಾಲು ಹಾಕಿದರೆ, ಅದಕ್ಕೆ ನನ್ನ ಪಾತ್ರ ಏನು ಮಾಡಿತು ಅಂತ ನಾನು ನಾಲ್ಕು ಸಾಲು ಹಾಕುತ್ತೇನೆ. ಗೆಲ್ಲುವವರಿಲ್ಲ, ಅಂಕಗಳಿಲ್ಲ. ಮಳೆ, ಗಾಳಿ, ನದಿ, ಕಾಡುಪ್ರಾಣಿ, ಸಂತೆಯ ಜನ, ಹೀಗೆ ಯಾರ ಪಾತ್ರಕ್ಕೂ ಸೇರದ್ದೆಲ್ಲ ಸೂತ್ರಧಾರನ ಪಾಲು. ಸೂತ್ರಧಾರ ನನ್ನ ಅಣ್ಣ.

ಅಣ್ಣನ ಕಸುಬು ಲಿಫ್ಟ್ ರಿಪೇರಿ. ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ ಕೂತು, ಗ್ರೀಸು ಮೆತ್ತಿದ ಹೆಬ್ಬೆರಳಿನಿಂದ ಅವನು ಬರೆದ ಬಿರುಗಾಳಿಯನ್ನು ಓದಿ ನಾನು ಅಂಗಡಿಯ ಕಿಟಕಿ ಮುಚ್ಚಿದ್ದುಂಟು. ಒಮ್ಮೆ ಲಿಫ್ಟಿನೊಳಗೆ ಸಿಕ್ಕಿಕೊಂಡ ವಕೀಲರ ದಂಡೊಂದು ಬಾಗಿಲು ಬಡಿಯುತ್ತಿದ್ದರೂ ಅಣ್ಣ ಪ್ಯಾರಾ ಮುಗಿಸಿಯೇ ಸ್ವಿಚ್ ಹಾಕಿದ. ಹೊರಗೆ ಬರುವಷ್ಟರಲ್ಲಿ ಅವರಿಗೆಲ್ಲ ಗಡ್ಡ ಬೆಳೆದಿತ್ತು, ನೆಟ್ಟಗೆ ನನ್ನ ಅಂಗಡಿಗೇ ಬಂದರು. ಅಷ್ಟು ದೊಡ್ಡ ಬರಹಗಾರ.

ನಾನು ದೈತ್ಯ. ಬೇರೆ ಪಾತ್ರ ನನಗೆ ಒಪ್ಪುವುದೂ ಇಲ್ಲ. ಟ್ಯಾಕ್ಸಿ ಓಡಿಸುವ ನಮ್ಮ ಗೆಳೆಯ ರಾಜ. ಹಗಲೆಲ್ಲ ಹಿಂದೆ ಕೂತವರು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ತಿರುಗುವ ಮನುಷ್ಯ ಸಿಂಹಾಸನಕ್ಕೆ ಆಸೆ ಪಟ್ಟರೆ ತಪ್ಪೇನು? ರಸ್ತೆಯಾಚೆಯ ಔಷಧಿ ಅಂಗಡಿಯ ಅಕ್ಕ ಮಾಟಗಾತಿ. ಇನ್ನುಳಿದ ಕಳ್ಳರು, ಸೈನಿಕರು, ವ್ಯಾಪಾರಿಗಳೆಲ್ಲ ಸೇರಿ ಗುಂಪಿನಲ್ಲಿ ಇನ್ನೂರು ಜನ. ಎಣಿಸಿದವರು ಇಪ್ಪತ್ತು ಅನ್ನುತ್ತಾರೆ, ಅವರಿಗೆ ಎಣಿಸಲು ಬರುವುದಿಲ್ಲ.

ಅತ್ತಿಗೆಯ ಪಾತ್ರ ಅಂಬಿಗಿತ್ತಿ. ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಗಾಜನ್ನು ಫ್ರೇಮಿಗೆ ಸರಿಯಾಗಿ ಕೂರುವಂತೆ ಯಂತ್ರಕ್ಕೆ ಹಿಡಿದು ಉಜ್ಜುವ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಉದುರಿಬೀಳುತ್ತದೆ, ಕಡಿಮೆ ಉಜ್ಜಿದರೆ ಫ್ರೇಮು ಸೀಳುತ್ತದೆ. ಆಟವನ್ನೂ ಅವರು ಹಾಗೇ ಆಡುತ್ತಿದ್ದರು, ಕೂದಲೆಳೆ ಆಚೀಚೆ ಆಗದಂತೆ.

ನಮ್ಮ ಆಟಕ್ಕೆ ಒಂದೇ ಒಂದು ನಿಯಮ. ಏಟು ಬೀಸುವವನು ಬೀಸಿದ್ದನ್ನಷ್ಟೇ ಬರೆಯಬೇಕು. ಅದು ತಗಲಿತೋ ಇಲ್ಲವೋ, ಎಲ್ಲಿಗೆ ತಗಲಿತು, ಎಷ್ಟು ನೋವಾಯಿತು ಎಂದು ಬರೆಯುವ ಹಕ್ಕು ಆ ಮೈಯ ಒಡೆಯನದು. ಹಾಗಾದರೆ ಎಲ್ಲರೂ ತಪ್ಪಿಸಿಕೊಂಡೆ ಅಂತಲೇ ಬರೆಯಬಹುದಲ್ಲ ಅನ್ನುತ್ತೀರಿ. ಬರೆಯಬಹುದು. ಮಾಟಗಾತಿ ಎಸೆದ ಬೆಂಕಿಯುಂಡೆಯಲ್ಲಿ ನನ್ನ ದೈತ್ಯ ಬೀಡಿ ಹಚ್ಚಿಕೊಂಡ, ಕಳ್ಳರು ಉರುಳಿಸಿದ ಬಂಡೆಯನ್ನು ತಲೆದಿಂಬು ಮಾಡಿಕೊಂಡ. ಆಮೇಲೆ ಯಾರೂ ಅವನ ಕಡೆ ಏನನ್ನೂ ಎಸೆಯಲಿಲ್ಲ. ದೈತ್ಯ ಬೆಟ್ಟದ ಮೇಲೆ ಒಬ್ಬನೇ ನೊಣ ಹೊಡೆಯುತ್ತಾ ಕೂತ. ಏಟೇ ತಾಗದವನ ಜೊತೆ ಆಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಅತ್ತಿಗೆ ಹಾಗಲ್ಲ. ಕಳ್ಳನೊಬ್ಬ ಬಿಟ್ಟ ಬಾಣವನ್ನು ಅವರು ತಾವಾಗಿ ಅಂಬಿಗಿತ್ತಿಯ ಭುಜಕ್ಕೆ ತಗಲಿಸಿಕೊಂಡರು. ಆಮೇಲೆ ತಿಂಗಳುಗಟ್ಟಲೆ ಅಂಬಿಗಿತ್ತಿ ಒಂದೇ ಕೈಯಲ್ಲಿ ಹುಟ್ಟು ಹಾಕಿದಳು. ಬಾಣ ಬಿಟ್ಟವನೇ ಮರೆತಿದ್ದ, ಅತ್ತಿಗೆ ಮರೆಯಲಿಲ್ಲ.

ಕಥೆಯ ನಡುವೆ ಒಂದು ಹುಚ್ಚು ನದಿ. ದಾಟಿಸಬಲ್ಲವಳು ಅಂಬಿಗಿತ್ತಿ ಒಬ್ಬಳೇ. ನದಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ, ಅದರ ಬೀಗದ ಕೈ ಅವಳ ಸೊಂಟದಲ್ಲಿ. ಆಯುಧ ಕೆಳಗಿಟ್ಟವರನ್ನು ಮಾತ್ರ ದಾಟಿಸುವುದು ಅವಳ ಪಣ. ರಾಜನಿಗೋ ಸೈನ್ಯ ಸಮೇತ ದಾಟಬೇಕು. ಗದರಿಸಿದ, ಓಲೈಸಿದ, ಆಸ್ಥಾನ ಕವಿಯನ್ನು ಕರೆತಂದು ಹಾಡಿಸಿದ. ಅಂಬಿಗಿತ್ತಿ ಪ್ರತಿ ಸಲವೂ ಬೇಡ ಅಂದಳು.

ಹೀಗಿರುವಾಗ ಕನ್ನಡಕದ ಅಂಗಡಿಯಲ್ಲಿ ವರ್ಷದ ಸ್ಟಾಕ್ ಎಣಿಸುವ ವಾರ ಬಂತು. ಅತ್ತಿಗೆ ಮನೆಗೆ ಬಂದರೆ ಸಾಕು, ಚಪ್ಪಲಿ ಬಿಡುವ ಮುಂಚೆಯೇ ಕಣ್ಣು ಮುಚ್ಚುತ್ತಿದ್ದರು. ಫೋನು ಮುಟ್ಟಲಿಲ್ಲ. ಅತ್ತ ರಾಜ ದಡದಲ್ಲಿ ನಿಂತೇ ಇದ್ದ. ಆ ವಾರದ ಕೊನೆಯಲ್ಲಿ ಅಣ್ಣ ಗುಂಪಿಗೆ ಹೀಗೆ ಬರೆದ:

‘ಅಂಬಿಗಿತ್ತಿ ಸೊಂಟದಿಂದ ಬೀಗದ ಕೈ ಬಿಚ್ಚಿ ರಾಜನ ಅಂಗೈಯಲ್ಲಿಟ್ಟಳು. “ನೀರು ಯಾರನ್ನೂ ಬೇಡ ಅನ್ನುವುದಿಲ್ಲ. ನಾನು ಯಾಕೆ ಅನ್ನಲಿ?” ಅಂದಳು.’

ಗುಂಪು ಹುಚ್ಚೆದ್ದುಹೋಯಿತು. ಚಪ್ಪಾಳೆಯ ಗುರುತುಗಳು ಎಷ್ಟು ಬಿದ್ದವೆಂದರೆ ನನ್ನ ಫೋನು ಬಿಸಿಯಾಗಿ, ಅದರ ಮೇಲಿಟ್ಟ ಟವೆಲ್ಲು ಒಣಗಿತು. ಎಲ್ಲರೂ ಅದನ್ನು ಅತ್ತಿಗೆಯೇ ಅಣ್ಣನಿಗೆ ಹೇಳಿ ಬರೆಸಿದ್ದು ಅಂದುಕೊಂಡರು. ಒಂದೇ ಮನೆ, ಗಂಡ ಹೆಂಡತಿ, ಕೇಳಿರುತ್ತಾನೆ ಬಿಡು ಅಂತ.

ಕೇಳಿರಲಿಲ್ಲ.

ಸ್ಟಾಕ್ ಮುಗಿದ ಮರುದಿನ ಅತ್ತಿಗೆ ಕೆಲಸದಿಂದ ಬೇಗ ಬಂದವರು ಮೆಟ್ಟಿಲು ಹತ್ತದೆ ನನ್ನ ಅಂಗಡಿಗೆ ಬಂದರು. ಗಿರಾಕಿಗಳಿರಲಿಲ್ಲ. ತಿರುಗುವ ಕುರ್ಚಿಯಲ್ಲಿ ಕೂತು ಫೋನು ತೆಗೆದು ಓದತೊಡಗಿದರು. ನಾನು ಕನ್ನಡಿ ಒರೆಸುತ್ತಿದ್ದೆ. ಕನ್ನಡಿಯೊಳಗೆ ಅವರ ಮುಖ ನಿಂತುಬಿಟ್ಟಿತು.

“ಇದು ಯಾರು ಬರ್ದಿದ್ದು?”

“ಅಣ್ಣ.”

“ನನ್ನ ಬಾಯಲ್ಲಿ?”

“ನಿಮ್ಮ ಬಾಯಲ್ಲೇ. ಯಾಕೆ, ನಿಮ್ಮನ್ನ ಕೇಳಿರ್ಲಿಲ್ವಾ?”

ಅತ್ತಿಗೆ ಇನ್ನೊಮ್ಮೆ ಓದಿದರು. “ಚೆನ್ನಾಗಿದೆ,” ಅಂದರು. “ಅದಕ್ಕೇ ಹೊಟ್ಟೆ ಉರಿಯೋದು. ಚೆನ್ನಾಗಿದೆ.”

“ಹೋಗ್ಲಿ ಬಿಡಿ ಅತ್ತಿಗೆ. ಒಂದು ಸಾಲು ತಾನೆ.”

“ಒಂದು ಸಾಲಲ್ಲ ಅದು. ಅವಳು ಇಲ್ಲಿವರೆಗೂ ಬೇಡ ಅಂದಿದ್ದೆಲ್ಲ ಬರೀ ನಾಟಕ ಅಂತಾಯ್ತು. ಇದು ಹೀಗೇ ನಿಂತ್ರೆ ಅಂಬಿಗಿತ್ತಿ ನನ್ನವಳಲ್ಲ. ಬೇಕಾದ್ರೆ ಅವರೇ ಇಟ್ಕೊಂಡು ಆಡಿಸ್ಲಿ. ನಾನು ಗುಂಪು ಬಿಡ್ತೀನಿ.” ಕುರ್ಚಿಯಿಂದ ಎದ್ದರು. “ಆದ್ರೆ ಸುಮ್ನೆ ಬಿಡಲ್ಲ. ಆ ಸಾಲು ಅವರೇ ಅಳಿಸೋ ಹಾಗೆ ಮಾಡೇ ತೀರ್ತೀನಿ.”

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಆಟದ ಮಾತು ಎತ್ತುವಂತಿಲ್ಲ. ಎತ್ತಿದರೆ ಅನ್ನ ಆರುತ್ತದೆ, ಪಾತ್ರೆ ತಳ ಹಿಡಿಯುತ್ತದೆ. ಆ ದಿನ ಅತ್ತಿಗೆ ತಟ್ಟೆ ಇಡುತ್ತಲೇ ಎತ್ತಿದರು.

“ನನ್ನ ಕೈಲಿ ಬೀಗದ ಕೈ ಕೊಡಿಸಿದ್ರಲ್ಲ, ಯಾಕೆ?”

ಅಣ್ಣ ನನ್ನ ಕಡೆ ನೋಡಿದ. ನಾನು ತಟ್ಟೆಯ ಕಡೆ ನೋಡಿದೆ.

“ನೀನು ವಾರವೆಲ್ಲ ಬರ್ಲಿಲ್ಲ,” ಅಂದ ಅಣ್ಣ. “ರಾಜ ದಡದಲ್ಲಿ ನಿಂತು ನಿಂತು ಬೇರು ಬಿಟ್ಟ. ಟ್ಯಾಕ್ಸಿಯವನು ದಿನಾ ಫೋನ್ ಮಾಡಿ ತಲೆ ತಿಂತಿದ್ದ. ಕಥೆ ನಿಂತುಬಿಟ್ರೆ ಸತ್ತೋಗುತ್ತೆ ಕಣೆ.”

“ಮಳೆ ಬರಿಸಬಹುದಿತ್ತು. ಹುಲಿ ಕರೆಸಬಹುದಿತ್ತು. ಅದೆಲ್ಲ ನಿಮ್ದೇ ಅಲ್ವಾ? ಬಿಟ್ಟು ನನ್ನ ಕೈಗೇ ಯಾಕೆ ಬಂದ್ರಿ?”

“ನೀನಾದ್ರೂ ಕೊನೆಗೆ ಕೊಡ್ತಾನೇ ಇದ್ದೆ.”

“ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ನೀನು ಏನಂತೀಯ ಅಂತ ನನಗೆ ಗೊತ್ತಿಲ್ವಾ?”

ಅತ್ತಿಗೆ ಚಮಚ ಕೆಳಗಿಟ್ಟರು. “ಸರಿ. ಈಗ ಏನಂತೀನಿ, ಹೇಳಿ ನೋಡೋಣ.”

ಅಣ್ಣ ಅವರ ಮುಖ ನೋಡಿದ, ಮೇಜು ನೋಡಿದ. ನಿಜವಾಗಿಯೂ ಯೋಚಿಸಿದ, ಪಾಪ. “ಉಪ್ಪು ಕೊಡಿ ಅಂತೀಯ.”

“ಆ ಸಾಲು ಅಳಿಸಿ ಅಂತೀನಿ.”

ನನಗೆ ನಗು ಬಂದು ನೀರು ಮೂಗಿಗೆ ಹತ್ತಿತು. ಅಣ್ಣ ನಗಲಿಲ್ಲ.

“ಅದು ಆಗಲ್ಲ,” ಅಂದ. “ಸೂತ್ರಧಾರ ಒಂದು ಸಲ ಹಿಂದೆ ಸರಿದ್ರೆ ನಾಳೆ ಎಲ್ಲರೂ ಇದನ್ನ ಅಳಿಸಿ ಅದನ್ನ ಅಳಿಸಿ ಅಂತ ಕ್ಯೂ ನಿಲ್ತಾರೆ. ಆಮೇಲೆ ಅದು ಕಥೆ ಅಲ್ಲ, ಚಿಂದಿ. ಬರ್ದಿದ್ದು ಬರ್ದಾಯ್ತು.”

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಇನ್ನೂರು ಜನರನ್ನು ಒಂದು ದಾರಿಯಲ್ಲಿ ನಡೆಸುವುದು ಹುಡುಗಾಟವಲ್ಲ. ಆದರೆ ಅತ್ತಿಗೆ ಉಪ್ಪಿನ ಡಬ್ಬಿಯನ್ನು ತಾವೇ ಎಳೆದುಕೊಂಡರು. ಆ ಎಳೆದ ರೀತಿ ನೋಡಿಯೇ ನನಗೆ ಗೊತ್ತಾಯಿತು, ಇನ್ನು ಅಣ್ಣನ ನದಿಗೆ ಗ್ರಹಚಾರ ಹಿಡಿಯಿತು ಅಂತ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅತ್ತಿಗೆ ಗುಂಪಿಗೆ ಬರೆದರು: ‘ಅಂಬಿಗಿತ್ತಿ ದೋಣಿಯಲ್ಲಿ ಕೂತಿದ್ದಾಳೆ. ಹುಟ್ಟು ಮಡಿಲಲ್ಲಿದೆ. ಬೀಗದ ಕೈ ಸೊಂಟದಲ್ಲಿದೆ.’

ಅದರ ಮರುದಿನವೂ ಅದೇ. ಅದರಾಚೆಯ ದಿನವೂ ಅದೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ದೋಣಿ ಹೊರಡದೆ ಕಥೆ ಹೊರಡುವಂತಿಲ್ಲ. ರಾಜನ ಸೈನ್ಯ, ವ್ಯಾಪಾರಿಯ ಕತ್ತೆಗಳು, ಕದ್ದ ಮಾಲು ಹೊತ್ತ ಕಳ್ಳರು, ಎಲ್ಲರೂ ದಡದಲ್ಲಿ ಗುಂಪು ಕಟ್ಟಿ ನಿಂತರು. ಅಲ್ಲಿ ಎಷ್ಟು ನೂಕುನುಗ್ಗಲಾಯಿತೆಂದರೆ ಕತ್ತೆಯೊಂದು ರಾಜನ ಕಿರೀಟ ತಿಂದಿತು. ಆ ಸಾಲು ನಾನು ಬರೆದದ್ದಲ್ಲ. ನಾನಾಗಿದ್ದರೆ ತಲೆ ಸಮೇತ ತಿನ್ನಿಸುತ್ತಿದ್ದೆ.

ಮೊದಮೊದಲು ಎಲ್ಲರೂ ಅಣ್ಣನ ಕಡೆಗೇ ಇದ್ದರು. ತಲೆನೋವಿನ ಮಾತ್ರೆಗೆಂದು ಹೋದಾಗ ಔಷಧಿ ಅಂಗಡಿಯ ಅಕ್ಕ ನನ್ನನ್ನು ಹಿಡಿದುಕೊಂಡರು.

“ನಿಮ್ಮತ್ತಿಗೆಗೆ ಯಾಕಪ್ಪಾ ಇಷ್ಟು ಹಟ? ಅಷ್ಟು ಒಳ್ಳೇ ಮಾತು ಅವಳ ಬಾಯಲ್ಲಿ ಬಂದಿದೆ. ಹೌದು, ನಾನೇ ಅಂದೆ ಅಂತ ಇಟ್ಕೊಂಡ್ರೆ ಗಂಟೇನು ಹೋಗುತ್ತೆ?”

“ಹೌದಲ್ವಾ ಅಕ್ಕ. ನಾಳೆ ನಿಮ್ಮ ಮಾಟಗಾತಿ ಮದ್ವೆ ಆದ್ಳು ಅಂತ ಅಣ್ಣ ಬರೆದ್ರೆ ನೀವು ಹೀಗೇ ಇಟ್ಕೊಂಡುಬಿಡಿ.”

“ಮದ್ವೆನಾ? ಯಾರ ಜೊತೆ?”

“ನನ್ನ ದೈತ್ಯನ ಜೊತೆ.”

ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ನಖಶಿಖಾಂತ ನೋಡಿದರು. ಮಾತ್ರೆಯನ್ನೂ ಚಿಲ್ಲರೆಯನ್ನೂ ಕೌಂಟರಿನ ಮೇಲೆ ಕುಕ್ಕಿದರು. ಅಂದು ಸಂಜೆಯೇ ಮಾಟಗಾತಿ ನದಿಯ ದಡಕ್ಕೆ ಬಂದು, ಅಂಬಿಗಿತ್ತಿಯ ದೋಣಿಯ ಪಕ್ಕ ಚಾಪೆ ಹಾಸಿ ಕೂತಳು. ನನ್ನ ದೈತ್ಯ ಅಷ್ಟು ಸುಂದರ, ಅಕ್ಕನ ಪಕ್ಷವನ್ನೇ ಬದಲಿಸಿಬಿಟ್ಟ.

ಅಣ್ಣನೂ ಸುಮ್ಮನೆ ಕೂರುವವನಲ್ಲ. ದೋಣಿ ಇಲ್ಲದಿದ್ದರೆ ಸೇತುವೆ ಅಂದ. ನಾನು ಒಬ್ಬ ದಪ್ಪ ಗಿರಾಕಿಯ ಕುತ್ತಿಗೆ ಹುಡುಕುತ್ತಿದ್ದ ಹೊತ್ತಿನಲ್ಲಿ ಗುಂಪಿಗೆ ಬಂದು ಬಿತ್ತು: ‘ರಾಜಾಜ್ಞೆಯಂತೆ ದೈತ್ಯ ಬೆಟ್ಟದಿಂದ ಬಂಡೆಗಳನ್ನು ಹೊತ್ತು ತಂದು ನದಿಗೆ ಸೇತುವೆ ಕಟ್ಟತೊಡಗಿದ.’

ನನ್ನ ದೈತ್ಯ. ಯಾರಿಗೂ ಸಲಾಮು ಹೊಡೆಯದವನು, ಚಂದ್ರನನ್ನು ಉಗುರಿನಿಂದ ಕೆರೆದವನು, ಈಗ ರಾಜನ ಕೂಲಿ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಅಲ್ಲಿಯವರೆಗೂ ನಾನು ಅತ್ತಿಗೆಯ ಪರವಾಗಿದ್ದದ್ದು ಅತ್ತಿಗೆ ಅಂತ. ಆಗ ಮಾತ್ರ ನನ್ನ ರಟ್ಟೆಯೇ ಉರಿಯಿತು. ಯಾರೋ ಮಲಗಿದ್ದವನ ಕೈ ಹಿಡಿದೆತ್ತಿ ತಮಗೆ ಗಾಳಿ ಬೀಸಿಕೊಂಡ ಹಾಗೆ. ಗಿರಾಕಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೂರಿಸಿ ಅಲ್ಲೇ ಬರೆದೆ: ‘ದೈತ್ಯನಿಗೆ ಎಚ್ಚರವಾಯಿತು. ಹೆಗಲ ಮೇಲೆ ಯಾರೋ ಬಂಡೆ ಇಟ್ಟಿದ್ದರು. ಇಳಿಸಿದ. ಸೇತುವೆ ಕಟ್ಟಬೇಕೆಂದಿದ್ದ ಜಾಗದಲ್ಲಿ ಅಡ್ಡಡ್ಡ ಮಲಗಿ ಗೊರಕೆ ಹೊಡೆದ. ಗೊರಕೆಗೆ ಸೈನ್ಯದ ಡೇರೆಗಳು ಹಾರಿಹೋದವು.’

ಡೇರೆಗಳು ಅಣ್ಣನ ಪಾಲಿನವು. ನಾನು ಹಾರಿಸುವಂತಿರಲಿಲ್ಲ. ಅತ್ತಿಗೆ ಆಗಲೇ ಫೋನ್ ಮಾಡಿದರು.

“ಡೇರೆಗಳನ್ನ ತೆಗಿ.”

“ಅತ್ತಿಗೆ, ನಾನು ನಿಮ್ಮ ಪಕ್ಷ.”

“ಅದಕ್ಕೇ ತೆಗಿ ಅಂದಿದ್ದು.”

ತೆಗೆದೆ. ‘ಗೊರಕೆಗೆ ಡೇರೆಗಳ ಕಡೆ ಗಾಳಿ ಬೀಸಿತು’ ಅಂತ ತಿದ್ದಿದೆ. ಡೇರೆಗಳು ಏನಾದವು ಅಂತ ಅಣ್ಣ ಬರೆಯಲಿ. ಬರೆದ: ‘ಡೇರೆಗಳು ಅಲುಗಲಿಲ್ಲ.’ ಬರೆಯಲಿ ಬಿಡಿ, ಅವನ ಹಕ್ಕು. ಡೇರೆ ಬಟ್ಟೆಗೆ ನನ್ನ ಗೊರಕೆಯ ಬೆಲೆ ಏನು ಗೊತ್ತು?

ಶನಿವಾರ ಅಣ್ಣ ಗಡ್ಡಕ್ಕೆ ಬಂದ. ಮುಖದ ತುಂಬ ನೊರೆ ಹಚ್ಚಿಸಿಕೊಂಡು ಭಾಷಣಕ್ಕೆ ಶುರುವಿಟ್ಟ.

“ನೀನೂ ಅವಳ ಜೊತೆ ಸೇರಿದ್ಯಾ? ಒಡಹುಟ್ಟಿದವನು. ಸೇತುವೆ ಬೇಕು ಅಂದಾಗ ಎರಡು ಕಲ್ಲು ಹೊತ್ತಿದ್ರೆ ಸವೆದುಹೋಗ್ತಿದ್ಯಾ?”

“ಕೇಳಿದ್ರೆ ಹೊರ್ತಿದ್ನೇನೋ.”

“ನಿನ್ನನ್ನ ಕೇಳೋದೇನೋ? ಚಡ್ಡಿ ಹಾಕೋದು ಕಲಿಸಿದವನು ನಾನು. ನಿನ್ನ ಮನಸ್ಸಲ್ಲಿ ಏನಿದೆ ಅಂತ ನಿನಗಿಂತ ಮೊದ್ಲು ನನಗೆ ಗೊತ್ತಾಗುತ್ತೆ.”

ಅಣ್ಣನ ಮೀಸೆ ಅವನ ಆಸ್ತಿ. ಅದರ ತುದಿಯಲ್ಲಿ ಎರಡು ಗುಬ್ಬಿಗಳು ಗೂಡು ಕಟ್ಟಬಹುದು. ನಾನು ಕತ್ತಿಯನ್ನು ಕೆನ್ನೆಯಿಂದ ಇಳಿಸುತ್ತಾ ಬಂದು ಮೀಸೆಯ ಬುಡಕ್ಕಿಟ್ಟೆ.

“ಏನ್ ಮಾಡ್ತಿದ್ಯೋ?” ತುಟಿ ಅಲುಗಿಸದೆ ಕೇಳಿದ.

“ಮೀಸೆ ತೆಗೀತಿದ್ದೀನಿ. ನೀನು ಹೇಗಿದ್ರೂ ಒಂದಿನ ತೆಗಿಸ್ತಿದ್ದೆ. ಒಡಹುಟ್ಟಿದವನು, ನನಗೆ ಗೊತ್ತಾಗಲ್ವಾ?”

ಅಣ್ಣ ನನ್ನ ಮಣಿಕಟ್ಟು ಹಿಡಿದ. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಣ್ಣ ಇಲ್ಲಿ ಸೋತು ಎದ್ದುಹೋದ ಅಂತ ಬರೆದುಬಿಡಲು ನನಗೂ ಆಸೆ. ಆದರೆ ಅವನೂ ಅದೇ ರಕ್ತದವನು.

“ಮೀಸೆ ಬೇರೆ, ಕಥೆ ಬೇರೆ,” ಅಂದ. ನೊರೆ ತಾನೇ ಒರೆಸಿಕೊಂಡ. “ನಾಳೆ ಮಧ್ಯಾಹ್ನ ನದಿ ಏರಿಸ್ತೀನಿ. ನದಿ ನನ್ನದು ತಾನೆ? ಯಾರ ಕೈನೂ ಮುಟ್ಟಲ್ಲ. ದೋಣಿ ಉಳೀತಾ ಮುಳುಗ್ತಾ ಅಂತ ಅವಳೇ ಬರೀಲಿ. ನ್ಯಾಯವಾಗಿ ಬರೀಲಿ.”

ಇದು ಏಟು. ಅತ್ತಿಗೆ ಸುಳ್ಳು ಬರೆಯುವವರಲ್ಲ ಅನ್ನುವುದು ಅವನಿಗೆ ಗೊತ್ತು. ತಗಲಿದ ಬಾಣವನ್ನು ತಗಲಿತು ಅಂದವರು, ಮುಳುಗಿದ ದೋಣಿಯನ್ನು ತೇಲಿತು ಅನ್ನುತ್ತಾರೆಯೇ? ಅಂಬಿಗಿತ್ತಿ ಮುಳುಗಿದರೆ ಅವಳ ಸೊಂಟದಲ್ಲಿರುವುದೂ ಅವಳ ಜೊತೆ ಮುಳುಗುತ್ತದೆ. ಉಳಿಯುವುದು ರಾಜನ ಕೈಯಲ್ಲಿರುವುದೊಂದೇ. ಅತ್ತಿಗೆಗೆ ಹೇಳಿದಾಗ ಅವರು ಬಟ್ಟೆ ಮಡಚುತ್ತಿದ್ದರು. “ಏರಿಸ್ಲಿ,” ಅಂದರು. ಅಂಗಿಯ ತೋಳನ್ನು ಎರಡು ಸಲ ಬಿಚ್ಚಿ ಮಡಚಿದರು.

ಭಾನುವಾರ ಮಧ್ಯಾಹ್ನ ಟ್ಯಾಕ್ಸಿಯವನು ಕೂದಲು ಕತ್ತರಿಸಿಕೊಳ್ಳಲು ನನ್ನ ಕುರ್ಚಿಯಲ್ಲಿ ಕೂತಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ, ಬಟ್ಟೆಯಡಿ ಫೋನು. ಅಣ್ಣನ ಪ್ರವಾಹ ಬಂತು. ಏನು ಬರೆದನೆಂದು ಹೇಳಲಿ? ಓದಿದವರ ಕಾಲು ಒದ್ದೆಯಾಯಿತು. ಬೆಟ್ಟದ ನೀರೆಲ್ಲ ಒಮ್ಮೆಲೇ ಇಳಿಯಿತು, ದಡ ಕುಸಿಯಿತು, ಮರಗಳ ತುದಿ ಮುಳುಗಿತು. ಮರಗಳ ತುದಿ ಮುಳುಗಿತು ಅಂತ ಅವನೇ ಬರೆದ, ನೆನಪಿಡಿ.

ಮಹಡಿಯ ಅಡುಗೆಮನೆಯಲ್ಲಿ ನಲ್ಲಿ ನಿಂತ ಸದ್ದು ಕೇಳಿಸಿತು. ಆಮೇಲೆ ಅತ್ತಿಗೆಯ ಸಾಲುಗಳು ಒಂದೊಂದಾಗಿ ಬಂದವು.

‘ಮೊದಲ ಅಲೆಗೆ ಹುಟ್ಟು ಕೊಚ್ಚಿಹೋಯಿತು. ಎರಡನೆಯದಕ್ಕೆ ದೋಣಿಯ ಒಂದು ಹಲಗೆ ಸೀಳಿತು. ಹಳೆಯ ಗಾಯದ ಭುಜ ಕಳಚಿತು.’

“ಮುಳುಗಿದ್ಳಾ?” ಟ್ಯಾಕ್ಸಿಯವನು ಕೇಳಿದ.

“ತಲೆ ಅಲ್ಲಾಡಿಸ್ಬೇಡ, ಕಿವಿ ಹೋಗುತ್ತೆ.”

‘ದಡದ ಗೂಟಕ್ಕೆ ಕಟ್ಟಿದ್ದರಿಂದ ನೀರು ದೋಣಿಯನ್ನು ಒಳಗೆ ಎಳೆಯುತ್ತಿತ್ತು. ಅಂಬಿಗಿತ್ತಿ ಉಳಿದ ಕೈಯಿಂದ ಹಗ್ಗ ಕೊಯ್ದಳು. ಕಟ್ಟು ಬಿಚ್ಚಿದ ದೋಣಿ ನೀರಿನ ಜೊತೆಗೇ ಮೇಲೇರಿತು. ಮರಗಳ ತುದಿಯ ತನಕ ಏರಿತು.’

ನಾನು ಕತ್ತರಿ ಕೆಳಗಿಟ್ಟೆ. ಔಷಧಿ ಅಂಗಡಿಯ ಅಕ್ಕ ರಸ್ತೆಯಾಚೆಯಿಂದಲೇ ಭೇಷ್ ಅನ್ನುವ ಹಾಗೆ ಕೈಯೆತ್ತಿ ತೋರಿಸಿದರು. ಹುಟ್ಟು ಹೋಗಿದೆ, ಹಲಗೆ ಸೀಳಿದೆ, ಭುಜ ಕಳಚಿದೆ. ಅಷ್ಟೆಲ್ಲ ಏಟು ಒಪ್ಪಿಕೊಂಡ ಮೇಲೆ ದೋಣಿ ತೇಲಿದರೆ ಯಾರು ತಾನೆ ಅನ್ಯಾಯ ಅಂದಾರು? ಅಕ್ಕನ ಮಾಟಗಾತಿ ದೋಣಿಯ ಮೂತಿಗೆ ಜೋತುಬಿದ್ದಳು. ನನ್ನ ದೈತ್ಯನ ಮಂಡಿಯ ತನಕ ನೀರು ಬಂದಿತ್ತು. ಸರಿ, ಎದೆಯ ತನಕ ಅಂತ ಬರೆದೆ. ನ್ಯಾಯ ಅಂದಮೇಲೆ ನ್ಯಾಯ.

ಆಗ ಅತ್ತಿಗೆ ಗುಂಪಿನಲ್ಲಿ ಕೇಳಿದರು, ಪಾತ್ರದಿಂದ ಹೊರಗೆ, ತಮ್ಮದೇ ದನಿಯಲ್ಲಿ: “ಅರಮನೆ ಮರಗಳಿಗಿಂತ ಎತ್ತರ ಇದೆಯಾ?”

ಟ್ಯಾಕ್ಸಿಯವನು ನನ್ನ ಕಡೆ ನೋಡಿದ. “ಒಂದಂತಸ್ತು ಅಂತ ಹಿಂದೆ ನಾನೇ ಬರ್ದಿದ್ದೀನಿ ಕಣಯ್ಯ.”

“ಹಾಗಾದ್ರೆ ಬರಿ.”

ಬರೆದ, ಪಾಪ. ಸಿಂಹಾಸನ ತೇಲಿಹೋಯಿತು. ರಾಜ ಈಜಿದ, ಕೊನೆಗೆ ದೋಣಿಯ ಅಂಚು ಹಿಡಿದ. ನೀರು ಕುತ್ತಿಗೆಯ ತನಕ.

ಅತ್ತಿಗೆಯ ಮುಂದಿನ ಸಾಲು: ‘ಅಂಬಿಗಿತ್ತಿ ರಾಜನನ್ನು ನೋಡಿದಳು. “ಬೀಗದ ಕೈ ನಿನಗೆ ನಾನು ಕೊಟ್ಟೆನಂತೆ. ಮುಷ್ಟಿ ಬಿಚ್ಚಿ ತೋರಿಸು,” ಅಂದಳು.’

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಅಣ್ಣ ಬರಿಗಾಲಲ್ಲಿ ಅಂಗಡಿಗೆ ನುಗ್ಗಿದ. ಹಿಂದೆಯೇ ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು, ಕೈಯಲ್ಲಿ ಇನ್ನೂ ಪಾತ್ರೆ ಒರೆಸುವ ಬಟ್ಟೆ.

“ತೋರಿಸೋ,” ಅಂದ ಅಣ್ಣ ಟ್ಯಾಕ್ಸಿಯವನಿಗೆ. “ಬೀಗದ ಕೈ ನಿನ್ನ ಕೈಲಿದೆ. ಎಲ್ಲರೂ ಓದಿದ್ದಾರೆ. ಮುಷ್ಟಿ ಬಿಚ್ಚಿ, ಇದೆ ಅಂತ ಒಂದು ಸಾಲು ಹಾಕು. ಮುಗೀತು.”

ಟ್ಯಾಕ್ಸಿಯವನು ಬಟ್ಟೆಯಡಿಯಿಂದ ಕೈ ಹೊರತೆಗೆದ. ನಿಜವಾದ ಕೈ, ಸ್ಟೀರಿಂಗ್ ಹಿಡಿದು ಹಿಡಿದು ಗಟ್ಟಿಯಾದದ್ದು. ಅದನ್ನೇ ಮಗುಚಿ ನೋಡಿಕೊಂಡ. ಆ ಬೀಗದ ಕೈಗಾಗಿ ಅವನು ಪಟ್ಟ ಪಾಡು ನಮಗೆಲ್ಲ ಗೊತ್ತಿತ್ತು. ಹೂಂ ಅಂದರೆ ಸರಪಳಿ ಅವನದು, ಆಚೆ ದಡವೂ ಅವನದು. ಹೂಂ ಅಂದರೆ ಅತ್ತಿಗೆ ಅಲ್ಲೇ ಫೋನು ತೆಗೆದು ಗುಂಪು ಬಿಡುತ್ತಾರೆ ಅನ್ನುವುದು ಅಣ್ಣನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

“ಅಣ್ಣಾ,” ಅಂದ ಟ್ಯಾಕ್ಸಿಯವನು, “ನಾನು ಕೈ ಚಾಚಿದೆ ಅಂತ ಎಲ್ಲಿ ಬರ್ದಿದ್ದೀನಿ?”

“ಅಂದ್ರೆ?”

“ಅವರು ಕೊಟ್ಟಿದ್ದನ್ನೂ ನೀವೇ ಬರ್ದಿದ್ದು. ನಾನು ಇಸ್ಕೊಂಡಿದ್ದನ್ನೂ ನೀವೇ ಬರ್ದಿದ್ದು. ಆ ಅಂಗೈನೂ ನಂದಲ್ಲ. ಗೆದ್ದೆ ಅಂತ ಎಲ್ಲರೂ ಚಪ್ಪಾಳೆ ಹೊಡೆದ್ರು, ನಾನೂ ಹೊಡೆದೆ. ಆದ್ರೆ ನನಗೆ ಏನೂ ಅನ್ನಿಸ್ಲೇ ಇಲ್ಲ ಅಣ್ಣ. ಯಾರೋ ನಿದ್ದೇಲಿದ್ದಾಗ ಬಾಯಿಗೆ ತುತ್ತಿಟ್ಟ ಹಾಗಾಯ್ತು.”

ಅಣ್ಣ ಬಾಯಿ ತೆರೆದ. ಟ್ಯಾಕ್ಸಿಯವನು ಆಗಲೇ ಬರೆಯತೊಡಗಿದ್ದ. ನಾಲ್ಕೂ ಜನ ನಮ್ಮ ನಮ್ಮ ಫೋನು ನೋಡಿದೆವು. ಒಂದೇ ಅಂಗಡಿಯಲ್ಲಿ ಮೊಳದಂತರದಲ್ಲಿ ನಿಂತಿದ್ದರೂ ಫೋನೇ ನೋಡಿದೆವು.

‘ರಾಜ ಮುಷ್ಟಿ ಬಿಚ್ಚಿದ. ಒಳಗೆ ನೀರಿತ್ತು, ಅಷ್ಟೇ.’

ಅದಕ್ಕೆ ಯಾರೂ ಚಪ್ಪಾಳೆ ಹಾಕಲಿಲ್ಲ. ಗುಂಪಿನ ಇನ್ನೂರು ಜನರಲ್ಲಿ ಒಬ್ಬರೂ ಬೆರಳೆತ್ತಲಿಲ್ಲ.

ಅಣ್ಣ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕುಸಿದು ಕೂತ. ತುಂಬ ಹೊತ್ತು ಫೋನನ್ನು ಮೇಲಕ್ಕೆ ಸರಿಸುತ್ತಾ ಹೋದ. ಆ ಹಳೆಯ ಸಾಲನ್ನು ಹುಡುಕಿದ, ಇನ್ನೊಮ್ಮೆ ಓದಿದ. ಅವನ ಜೀವಮಾನದಲ್ಲಿ ಅಷ್ಟು ಮೆಚ್ಚುಗೆ ಅವನ ಬೇರೆ ಯಾವ ಮಾತಿಗೂ ಬಂದಿರಲಿಲ್ಲ. ಗ್ರೀಸಿನ ಹೆಬ್ಬೆರಳು ಅದರ ಮೇಲೆ ಒತ್ತಿ ನಿಂತಿತು. ಸಾಲು ಹೋಯಿತು, ಅದರ ಜೊತೆ ಚಪ್ಪಾಳೆಗಳೂ ಹೋದವು.

“ಒಳ್ಳೇ ಸಾಲಾಗಿತ್ತು,” ಅಂದ ನೆಲ ನೋಡುತ್ತಾ.

“ಆಗಿತ್ತು,” ಅಂದರು ಅತ್ತಿಗೆ. “ಯಾವನಾದ್ರೂ ಮೀನುಗಾರನ ಬಾಯಲ್ಲಿ ಹಾಕಿ. ಅವರೆಲ್ಲ ನಿಮ್ಮವರೇ ತಾನೆ.”

ಅಣ್ಣ ತಲೆಯೆತ್ತಿದ. “ನದಿ ಇಳಿಸಲಾ?”

“ನದಿ ನಿಮ್ದು. ನನ್ನನ್ನೇನು ಕೇಳ್ತೀರಿ?”

“ಕೇಳಿದೆ, ಅಷ್ಟೇ. ಮತ್ತೆ ಈ ರಾಜನ್ನ ಏನ್ ಮಾಡ್ತೀಯ?”

“ಕತ್ತಿ ನೀರಿಗೆ ಬಿಟ್ರೆ ಹತ್ತಿಸ್ಕೋತೀನಿ.”

ಅಣ್ಣನ ಹೆಬ್ಬೆರಳು ತಾನಾಗಿಯೇ ಫೋನಿನ ಮೇಲೆ ಹೋಯಿತು. ರಾಜ ಕತ್ತಿ ಬಿಟ್ಟ ಅಂತ ಬರೆಯಲಿಕ್ಕೇ ಹೋಯಿತು, ನಾನು ಕಣ್ಣಾರೆ ಕಂಡೆ. ಅರ್ಧದಲ್ಲಿ ನಿಂತಿತು. ಅವನು ಟ್ಯಾಕ್ಸಿಯವನ ಕಡೆ ತಿರುಗಿದ.

“ಏನಪ್ಪಾ, ಬಿಡ್ತಾನಾ?”

ಟ್ಯಾಕ್ಸಿಯವನು ಉತ್ತರಿಸುವ ಮೊದಲೇ ಅವನ ಇನ್ನೊಂದು ಫೋನು ಹೊಡೆದುಕೊಂಡಿತು. ಬಾಡಿಗೆ ಬಂದಿತ್ತು. ಕುತ್ತಿಗೆಯ ಬಟ್ಟೆ ಕಿತ್ತೆಸೆದು, ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದ.

“ಯೋಚ್ನೆ ಮಾಡಿ ಹೇಳ್ತೀನಿ ಅಣ್ಣ. ಕತ್ತಿ ಅಂದ್ರೆ ಸುಮ್ನೆನಾ?”

“ಲೋ, ಅವನು ಕುತ್ತಿಗೆ ತನಕ ನೀರಲ್ಲಿದ್ದಾನೆ.”

“ಇರ್ಲಿ. ರಾಜ ಅವನು, ಹಿಡ್ಕೊಂಡಿರ್ತಾನೆ.”

ಟ್ಯಾಕ್ಸಿ ಹೊರಟುಹೋಯಿತು. ಇಡೀ ಕಥೆ, ಸೈನ್ಯ, ಕತ್ತೆಗಳು, ಎದೆಮಟ್ಟದ ನೀರಿನಲ್ಲಿ ನಿಂತ ನನ್ನ ದೈತ್ಯ, ಎಲ್ಲವೂ ಒಬ್ಬ ಟ್ಯಾಕ್ಸಿ ಡ್ರೈವರ್ ಯೋಚಿಸಿ ಮುಗಿಸುವುದನ್ನು ಕಾಯುತ್ತಾ ನಿಂತವು. ಅತ್ತಿಗೆ ಉಳಿದ ಪಾತ್ರೆ ಒರೆಸಲು ಮೇಲೆ ಹೋದರು. ಅಣ್ಣ ಬೆಂಚಿನ ಮೇಲೆ ಫೋನನ್ನು ಬೋರಲು ಹಾಕಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬೀದಿಯ ಕಡೆ ನೋಡುತ್ತಾ ಕೂತ.